ಕೌದಿಯ ಕೊನೆಯ ಮೂಲೆ

ಗೋಳಗುಮ್ಮಟಕ್ಕೆ ಕೌದಿ ಹೊದಿಸಿದವಳು ನಾನು. ಬುಡದಿಂದ ತುದಿಯವರೆಗೆ, ಇಡೀ ಗುಮ್ಮಟಕ್ಕೆ. ಆ ವರ್ಷ ವಿಜಯಪುರದಲ್ಲಿ ಎಂಥ ಚಳಿ ಬಿದ್ದಿತ್ತೆಂದರೆ, ಒಳಗೆ ನಿಂತು ಕೂಗಿದರೆ ಏಳು ಸಲ ಬರಬೇಕಾದ ಮಾರ್ದನಿ ಮೂರು ಸಲ ಬಂದು, ನಾಲ್ಕನೆಯದಕ್ಕೆ ಬರೀ ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ನನ್ನಿಂದ ನೋಡಲಾಗಲಿಲ್ಲ. ಒಂದು ವಾರದಲ್ಲಿ ಹೊಲಿದೆ. ಒಬ್ಬಳೇ ಹೊತ್ತೊಯ್ದೆ. ಒಂದೇ ಬೀಸಿಗೆ ಹೊದಿಸಿದೆ. ಪ್ರವಾಸಿಗರು ಬರುವ ಮೊದಲೇ ತೆಗೆದು ಮಡಚಿಟ್ಟೆ. ಯಾರೂ ನೋಡಿಲ್ಲ ಎನ್ನುವುದಕ್ಕೆ ಅದೇ ಕಾರಣ.

ನಂಬುವುದಿಲ್ಲವೇ? ಬಿಡಿ. ಅದಕ್ಕಿಂತ ಸಣ್ಣ ಕೌದಿಯ ಕಥೆಯೊಂದಿದೆ, ಅದನ್ನಾದರೂ ಕೇಳಿ.

ನನ್ನ ಹೆಸರು ಲಲಿತಾ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಿನ ಓಣಿ ನಮ್ಮದು. ಅಲ್ಲಿನ ಮಹಿಳಾ ಮಂಡಳದ ಕಾರ್ಯದರ್ಶಿ ನಾನು. ಇಷ್ಟು ದೊಡ್ಡ ಮಂಡಳ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಸಾವಿರ ಜನ ಹೆಂಗಸರು. ಆಯಿತು, ಯಾರಿಗೂ ಜ್ವರ ಬರದ ದಿನ ಹದಿನೇಳು ಜನ. ಕಚೇರಿ ಇರಲಿಲ್ಲ, ಬೇವಿನ ಮರವಿತ್ತು. ಮರದ ಬುಡದಲ್ಲಿ ಚಾಪೆ ಹಾಸಿ ಕೌದಿ ಹೊಲಿಯುತ್ತಿದ್ದೆವು. ಮಳೆ ಬಂದರೆ ಹೊಲಿಯುತ್ತಿದ್ದುದನ್ನು ಸುತ್ತಿಕೊಂಡು ಯಾರದೋ ತಗಡಿನ ಕೆಳಗೆ ಓಡುತ್ತಿದ್ದೆವು. ಓಡುವಾಗ ಸೂಜಿ ಚುಚ್ಚದವಳು ನಮ್ಮಲ್ಲಿ ಒಬ್ಬಳೂ ಇಲ್ಲ.

ಈ ಮಂಡಳವನ್ನು ಶುರು ಮಾಡಿದವಳು ಬೋರವ್ವ. ನನ್ನ ತಾಯಿಯ ಅಕ್ಕ. ಕಳ್ಳಕವಟಗಿಯ ನಮ್ಮ ಕೇರಿಯಿಂದ ನಗರಕ್ಕೆ ಬಂದು, ಮೂವತ್ತು ವರ್ಷ ಬೇರೆಯವರ ಅಂಗಳ ಗುಡಿಸಿದವಳು. ಸೊಂಟ ಬಗ್ಗಿ ನಿಂತು ಹೋದ ಮೇಲೆ ಸೂಜಿ ಹಿಡಿದಳು. ಬಗ್ಗಿದ ಸೊಂಟಕ್ಕೆ ಕೌದಿ ಹೊಲಿಯುವುದು ಸುಲಭ ಎಂದು ನಗುತ್ತಿದ್ದಳು. ಅವಳ ಬಲಗೈ ತೋರುಬೆರಳಿನ ತುದಿಯಲ್ಲಿ ಚರ್ಮ ಇರಲಿಲ್ಲ, ಗೊರಸು ಇತ್ತು. ಸೂಜಿ ಅದಕ್ಕೆ ತಾಗಿದರೆ ಸೂಜಿಯೇ ಬಾಗುತ್ತಿತ್ತು.

ಮೊದಮೊದಲು ಮಧ್ಯಾಹ್ನ ಒಬ್ಬೊಬ್ಬರೂ ಒಂದೊಂದು ಕಡೆ ಮುಖ ಮಾಡಿ ಬುತ್ತಿ ಬಿಚ್ಚುತ್ತಿದ್ದರು. ಗಾದಿ ಅಂಗಡಿಯ ಬಾಬುಸಾಬನ ಹೆಂಡತಿ ಜುಲೇಖಾ ಒಂದು ಕಡೆ. ಹಾಲು ಮಾರುವವರು ಇನ್ನೊಂದು ಕಡೆ. ನಾನು, ಬೋರವ್ವ ಮರದ ಆಚೆ. ಆದರೆ ಒಂದೇ ಕೌದಿಯ ನಾಲ್ಕು ಅಂಚು ಹಿಡಿದು ಕುಳಿತವರಿಗೆ ಎದ್ದು ದೂರ ಹೋಗುವುದೇ ಒಂದು ಕೆಲಸ. ಒಂದು ದಿನ ಜುಲೇಖಾಳಿಗೆ ಏಳಲು ಬೇಸರವಾಯಿತು. ಕೈ ಚಾಚಿ ಬೋರವ್ವನ ಬುತ್ತಿಯಿಂದ ರೊಟ್ಟಿ ಮುರಿದುಕೊಂಡಳು. ಮರುದಿನ ಇನ್ನೊಬ್ಬಳಿಗೆ ಬೇಸರವಾಯಿತು. ಒಂದು ವರ್ಷದೊಳಗೆ ಹದಿನೇಳು ಮನೆಯ ರೊಟ್ಟಿ ಒಂದೇ ಬಟ್ಟೆಯ ಮೇಲೆ ಬಿದ್ದಿತ್ತು. ಯಾರೂ ಭಾಷಣ ಮಾಡಲಿಲ್ಲ.

ಜುಲೇಖಾಳ ಮಗಳು ನಿಖತಳನ್ನು ಕಾಲೇಜು ಬಿಡಿಸುತ್ತೇನೆ ಎಂದು ಬಾಬುಸಾಬ ಹಟ ಹಿಡಿದಾಗ ನಾವೆಲ್ಲ ಕೌದಿ ಸಮೇತ ಹೋಗಿ ಅವನ ಅಂಗಡಿಯಲ್ಲೇ ಹೊಲಿಯಲು ಕುಳಿತೆವು. ಬೈಯಲಿಲ್ಲ, ಕೂಗಲಿಲ್ಲ. ಇಲ್ಲಿ ನೆರಳು ಚೆನ್ನಾಗಿದೆ ಎಂದೆವು. ಮೂರು ದಿನ ಗಿರಾಕಿಗಳು ಬಾಗಿಲಿಗೆ ಬಂದು ಹೊರಳಿ ಹೋದರು. ನಾಲ್ಕನೆಯ ದಿನ ಅವನೇ ಮಗಳ ಬಸ್ ಪಾಸಿಗೆ ಫೋಟೊ ತೆಗೆಸಲು ಹೋದ. ನಾನು ಹೇಳುವಾಗ ಮೂರು ತಿಂಗಳು ಎನ್ನುತ್ತೇನೆ. ಮೂರು ದಿನ.

ಇಂಥ ಹೊತ್ತಿನಲ್ಲಿ ನಗರದ ದೊಡ್ಡ ಮಹಿಳಾ ಕ್ಲಬ್ಬಿನವರ ಕಣ್ಣು ನಮ್ಮ ಮೇಲೆ ಬಿತ್ತು. ಹೆಸರು ಹೇಳುವುದಿಲ್ಲ. ಅವರಿಗೆ ಸ್ವಂತ ಸಭಾಗೃಹವಿತ್ತು, ಅದರ ಮುಂದೆ ಗುಲಾಬಿ ತೋಟವಿತ್ತು, ತೋಟದ ಮುಂದೆ ಗೇಟಿತ್ತು. ಕ್ಲಬ್ಬಿಗೆ ಐವತ್ತು ವರ್ಷ ತುಂಬುತ್ತಿತ್ತು. ಸಮುದಾಯ ಕಟ್ಟುವಲ್ಲಿ ಮಹಿಳಾ ಸಂಘಟನೆಗಳ ಪಾತ್ರ ಎಂಬ ವಿಷಯದ ಮೇಲೆ ದೊಡ್ಡ ಕಾರ್ಯಕ್ರಮ. ಮಠದ ಸ್ವಾಮಿಗಳು ಬರುವವರಿದ್ದರು. ವೇದಿಕೆಯ ಹಿಂದೆ ತೂಗಲು ಒಂದು ಕೌದಿ ಬೇಕು. ಇಪ್ಪತ್ತು ಮೊಳ ಉದ್ದ, ಹದಿನಾಲ್ಕು ಮೊಳ ಅಗಲ. ಬಬಲೇಶ್ವರ, ತಿಕೋಟಾ, ಸಾರವಾಡ, ಎಲ್ಲ ಕಡೆಯ ಹೆಂಗಸರ ಹಳೆಯ ಸೀರೆ ಅದರಲ್ಲಿ ಇರಬೇಕು.

ಬದಲಿಗೆ ಒಂದು ಕೋಣೆ. ನಮ್ಮ ಓಣಿಯ ಕೊನೆಗೆ ಆ ಕ್ಲಬ್ಬಿನವರೇ ಹಿಂದೆ ಶಿಶುವಿಹಾರ ನಡೆಸಿ ಬಿಟ್ಟ ಕೋಣೆಯೊಂದಿತ್ತು. ವರ್ಷಗಳಿಂದ ಬೀಗ. ಒಳಗೆ ನಲ್ಲಿ, ಲೈಟು, ಫ್ಯಾನು, ಒಂದು ಕಕ್ಕಸು. ಕಕ್ಕಸು ಎಂದು ಬರೆಯುವಾಗ ಓದುವವರಿಗೆ ಸಣ್ಣ ವಿಷಯ ಅನಿಸಬಹುದು. ಬೆಳಗ್ಗೆಯಿಂದ ಸಂಜೆಯವರೆಗೆ ಬಯಲಲ್ಲಿ ಕುಳಿತು ಹೊಲಿಯುವ ಹೆಂಗಸು ಎಷ್ಟು ನೀರು ಕುಡಿಯುತ್ತಾಳೆ ಎಂದು ಕೇಳಿ ನೋಡಿ. ಕುಡಿಯುವುದೇ ಇಲ್ಲ. ಕಾರ್ಯಕ್ರಮದ ದಿನ ವೇದಿಕೆಯ ಮೇಲೆ ಆ ಕೋಣೆಯ ಕೀಲಿಕೈ ನಮಗೆ ಕೊಡುತ್ತೇವೆ ಎಂದರು.

ಮಾತುಕತೆಗೆಲ್ಲ ಹೋದವಳು ನಾನೇ. ಪುಸ್ತಕದಂತೆ ಮಾತಾಡಬಲ್ಲೆ, ಸೀರೆಗೆ ಪಿನ್ನು ಹಾಕುತ್ತೇನೆ. ಕ್ಲಬ್ಬಿನ ಅಧ್ಯಕ್ಷೆಯನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು. ಬಾಯಾರು ನನ್ನನ್ನು ತಮ್ಮ ಮನೆಯ ಸೋಫಾದ ಮೇಲೆ ಕೂರಿಸಿದರು. ಅವರಿಗೆ ಮೊಣಕಾಲು ನೋವು, ಆದ್ದರಿಂದ ನಾನೇ ಅಡುಗೆಮನೆಗೆ ಹೋಗಿ ಚಹಾ ಮಾಡಿ ತರುವಷ್ಟು ಸಲಿಗೆ ಬೆಳೆಯಿತು. ನನ್ನ ಕೇರಿ ಯಾವುದೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬೋರವ್ವನದು ಅವರಿಗೆ ಗೊತ್ತಿತ್ತು. ಅವಳು ಗುಡಿಸಿದ ಅಂಗಳಗಳಲ್ಲಿ ಆ ಕ್ಲಬ್ಬಿನ ಅಂಗಳವೂ ಒಂದು. ಆದ್ದರಿಂದ ಒಂದು ಉಪಾಯ ಮಾಡಿದೆ. ಓಣಿಯಲ್ಲಿ ಅವಳು ನನಗೆ ದೊಡ್ಡವ್ವ. ಆ ಗೇಟು ದಾಟಿದರೆ ಬೋರವ್ವ. ಅವಳಿಗೆ ಹೇಳಿದಾಗ, ಆಯ್ತು ಬಿಡು ಎಂದಳು. ಅಂಥ ಬುದ್ಧಿ ನನ್ನದು.

ನಾಲ್ಕು ತಿಂಗಳು ಹೊಲಿದೆವು. ಊರೂರಿನಿಂದ ಬಸ್ಸಿನಲ್ಲಿ ಸೀರೆಯ ಗಂಟುಗಳು ಬಂದವು. ಕ್ಲಬ್ಬಿನವರ ಮನೆಗಳ ಹಿತ್ತಲ ಬಾಗಿಲಿಗೆ ನಾವೇ ಹೋಗಿ ಹಳೆಯ ಸೀರೆ ತಂದೆವು. ಎಣ್ಣೆಯ ಕಲೆ, ಬೆವರಿನ ಕಲೆ, ಹೇಳಬಾರದ ಕಲೆ. ಎಲ್ಲವನ್ನೂ ಉಜ್ಜಿ ತೊಳೆದವಳು ಬೋರವ್ವ. ಆರು ಪದರ ಹಾಸಿ, ಮೊಣಕಾಲೂರಿ ಅದರ ಮೇಲೆ ಹರಿದಾಡುತ್ತ ಹೊಲಿಯಬೇಕು. ಮೊಣಕಾಲಿನ ಚರ್ಮ ಸುಲಿಯಿತು. ಬೆರಳಿಗೆ ಚಿಂದಿ ಸುತ್ತಿಕೊಂಡೆವು, ಚಿಂದಿಯೂ ಕೆಂಪಾಯಿತು. ರೈಲು ಹೋದಾಗ ನೆಲ ಅದುರಿ ಹೊಲಿಗೆ ಸೊಟ್ಟಗಾದರೆ ಬೋರವ್ವ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಆ ಕೌದಿಗೆ ಬಿದ್ದ ದಾರ ಬಿಚ್ಚಿ ಹಿಡಿದರೆ ಸೊಲ್ಲಾಪುರ ಮುಟ್ಟಿ ಹೊರಳಿ ಬರುತ್ತದೆ. ಇದನ್ನು ಮಾತ್ರ ಯಾರಾದರೂ ಅಳೆದು ನೋಡಲಿ.

ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿಯಿದೆ. ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಪದರದೊಳಗೆ ಒಂದು ತುತ್ತು ಇಡುತ್ತಾರೆ. ರೊಟ್ಟಿಯ ಚೂರೋ, ಹೋಳಿಗೆಯ ಚೂರೋ. ಕೌದಿ ಹಸಿದಿರಬಾರದು. ಎಲ್ಲರಿಗಿಂತ ಹಿರಿಯಳು ಇಡಬೇಕು. ಕಾರ್ಯಕ್ರಮದ ಮುನ್ನಾದಿನ ಬೆಳಗ್ಗೆ ನನ್ನ ಬುತ್ತಿಯಿಂದ ಒಂದು ರೊಟ್ಟಿ ತೆಗೆದು ಕೊಟ್ಟೆ. ಬೋರವ್ವ ಅದರಿಂದ ಬೆರಳಗಲ ಮುರಿದು, ಕಣ್ಣಿಗೊತ್ತಿಕೊಂಡು, ಮೂಲೆಯೊಳಗೆ ತಳ್ಳಿ, ಹನ್ನೊಂದು ಹೊಲಿಗೆ ಹಾಕಿ ಮುಚ್ಚಿದಳು. ಉಳಿದ ರೊಟ್ಟಿಯನ್ನು ಹದಿನೇಳು ಜನ ಹಂಚಿಕೊಂಡೆವು.

ಮಧ್ಯಾಹ್ನ ಟೆಂಪೊದಲ್ಲಿ ಕೌದಿಯನ್ನು ಕ್ಲಬ್ಬಿಗೆ ಒಯ್ದೆವು. ಹಗ್ಗ ಕಟ್ಟಿ ವೇದಿಕೆಯ ಹಿಂದೆ ಏರಿಸಿದೆವು. ಕ್ಲಬ್ಬಿನ ಹತ್ತು ಹನ್ನೆರಡು ಹೆಂಗಸರು ಬಂದು ನೋಡಿದರು. ನಿಜ ಹೇಳಬೇಕೆಂದರೆ ಅವರ ಬಾಯಿ ಕಟ್ಟಿತು. ಬಾಯಾರು ಕೈಯಲ್ಲಿ ಸೂಜಿ ಹಿಡಿದು ಫೋಟೊ ತೆಗೆಸಿಕೊಂಡರು. ಸೂಜಿಯಲ್ಲಿ ದಾರವಿರಲಿಲ್ಲ.

ಅವರಲ್ಲಿ ಒಬ್ಬಾಕೆ ಮೂಲೆಯನ್ನು ಹಿಸುಕಿ ನೋಡಿ, ಇದರಾಗ ಏನೋ ಗಟ್ಟಿ ಹತ್ತತೈತಲ್ಲ ಎಂದರು. ಬೋರವ್ವ ಹಿಗ್ಗಿನಿಂದ ಮುಂದೆ ಬಂದಳು.

"ರೊಟ್ಟಿ ಚೂರ್ರಿ ಬಾಯಾರ. ಕೌದಿಗೂ ಒಂದು ತುತ್ತು ಉಣಸ್ತೇವ್ರಿ ನಾವು. ಹಸದ ಕೌದಿ ಬೆಚ್ಚಗ ಇಡೂದಿಲ್ರಿ."

ಎಂಥ ಚೆಂದದ ಸಂಪ್ರದಾಯ ಎಂದು ಒಬ್ಬರು ಫೋನಿನಲ್ಲಿ ಬರೆದುಕೊಂಡರು. ಬಾಯಾರು ಬರೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದರು.

"ಯಾರ ಮನೀ ರೊಟ್ಟಿ ಇದು, ಲಲಿತಾ?"

ಈಗ ಕೇಳಿ. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಸಭಾಗೃಹದ ನೆಲ ಅದುರಿತು. ಪಾಪ, ಬೋರವ್ವ ನನ್ನ ಬೆನ್ನ ಹಿಂದೆ ನಡುಗುತ್ತ ನಿಂತಿದ್ದಳು. ನಾನು ಹೇಳಿದೆ:

"ನನ್ನ ಮನೀದು ರೀ. ರೊಟ್ಟಿ ಬಡದಾಕಿನೂ ನಾನ. ಈಕಿ ನನ್ನ ದೊಡ್ಡವ್ವ. ಈಕಿ ಕೇರೀನ ನನ್ನ ಕೇರಿ. ಇಷ್ಟು ದಿವಸ ನೀವು ಕುಡದದ್ದು ಈ ಕೈಯಾಗಿನ ಚಹಾನ ರೀ."

ಬಾಯಾರ ಮುಖ ಸುಣ್ಣದ ಗೋಡೆಯಾಯಿತು. ನಮಗೇನೂ ಭೇದವಿಲ್ಲ, ಆದರೆ ನಾಳೆ ಸ್ವಾಮಿಗಳ ಬೆನ್ನಿಗೇ ಈ ಕೌದಿ ಇರುತ್ತದೆ, ರೊಟ್ಟಿಗೆ ಇಲಿ ಬರುತ್ತದೆ, ಇರುವೆ ಬರುತ್ತದೆ, ಆ ಚೂರನ್ನು ತೆಗೆಯಿರಿ ಎಂದರು. ಮತ್ತೆ ಸ್ವಲ್ಪ ತಡೆದು, ಮೆತ್ತಗೆ, ಸಂಪ್ರದಾಯ ಕೆಡಬಾರದಲ್ಲ, ನಮ್ಮ ಮನೆಯಿಂದ ಹೋಳಿಗೆ ತರಿಸುತ್ತೇನೆ, ಅದರ ಚೂರು ಇಟ್ಟು ಹೊಲಿಯಿರಿ ಎಂದರು. ಹೋಳಿಗೆಗೆ ಇರುವೆ ಬರುವುದಿಲ್ಲವೇ ಎಂದು ನಾನು ಕೇಳಿದೆ.

ಬಾಯಾರು ಚಾಚಿದ ಕತ್ತರಿಯನ್ನು ಕಸಿದುಕೊಂಡೆ. ಒಂದೇ ಏಟಿಗೆ ನಾಲ್ಕೂ ಹಗ್ಗ ಕತ್ತರಿಸಿದೆ. ಇಪ್ಪತ್ತು ಮೊಳದ ಕೌದಿ ಹನ್ನೆರಡು ಜನರ ಮೇಲೆ ಬಿತ್ತು. ಒಳಗೆ ಕುರಿಮಂದೆಯಂತೆ ಹರಿದಾಡುತ್ತಿದ್ದರು. ನಾನು ಅದನ್ನು ಎಳೆದು, ಸುತ್ತಿ, ತಲೆಯ ಮೇಲೆ ಹೊತ್ತು, ಬೋರವ್ವನ ಕೈ ಹಿಡಿದು ಗೇಟು ದಾಟಿದೆ. ಗಾಂಧಿ ಚೌಕದವರೆಗೆ ಜನ ಹಿಂದೆ ಬಂದರು. ಅಂಗಡಿಯವರು ಬಾಗಿಲು ಹಾಕಿ ಹಿಂದೆ ಬಂದರು. ಬಾಯಾರು ಮೊಣಕಾಲು ನೋವು ಮರೆತು ಓಡಿ ಬಂದು ಕೋಣೆಯ ಕೀಲಿಕೈಯನ್ನು ನನ್ನ ಕಾಲ ಹತ್ತಿರ ಇಟ್ಟರು. ಹೀಗೆ ನಮ್ಮ ಮಂಡಳಕ್ಕೆ ಕೋಣೆ ಸಿಕ್ಕಿತು.

ಈ ಕಥೆಯನ್ನು ಸಾರವಾಡದಲ್ಲಿ ಹೇಳಿದ್ದೇನೆ, ಬಬಲೇಶ್ವರದಲ್ಲಿ ಎರಡು ಸಲ ಹೇಳಿದ್ದೇನೆ. ಮಹಿಳಾ ಸಂಘಗಳವರು ಈಗ ನನ್ನನ್ನು ಅತಿಥಿಯಾಗಿ ಕರೆಯುತ್ತಾರೆ. ಹಗ್ಗ ಕತ್ತರಿಸುವ ಕಡೆ ಬಂದರೆ ಮುದುಕಿಯರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಅವರ ಕಣ್ಣಲ್ಲಿ ನೀರು ಬರುತ್ತದೆ. ನನ್ನ ಕಣ್ಣಲ್ಲೂ ಬರುತ್ತದೆ.

ಹೋದ ತಿಂಗಳು ತಿಕೋಟಾದಲ್ಲಿ ಹೇಳಿದೆ. ಚಪ್ಪಾಳೆ ನಿಂತ ಮೇಲೂ ಹಿಂದಿನ ಸಾಲಿನಲ್ಲಿ ಒಬ್ಬಾಕೆ ನನ್ನನ್ನೇ ನೋಡುತ್ತ ಕುಳಿತಿದ್ದಳು. ಜುಲೇಖಾ. ನಿಖತಳಿಗೆ ತಿಕೋಟಾದ ಸಾಲೆಯೊಂದರಲ್ಲಿ ಮಾಸ್ತರಿಕೆ ಸಿಕ್ಕಿದೆ, ಮಗಳ ಜೊತೆ ಇರಲು ಬಂದಿದ್ದಳಂತೆ. ಎದ್ದು ನಿಲ್ಲಲಿಲ್ಲ. ಕುಳಿತಲ್ಲಿಂದಲೇ ಕೇಳಿದಳು.

"ಲಲಿತಾ, ನೀ ಹಗ್ಗ ಕತ್ತರಸಿ ಕೌದಿ ಹೊತಗೊಂಡು ಬಂದಿ ಅಂದ್ರ, ಮರುದಿವ್ಸ ಸ್ವಾಮಿಗೋಳ ಬೆನ್ನಿಗೆ ತೂಗ್ಯಾಡಿದ್ದು ಯಾವ ಕೌದಿ ಬೇ?"

ಅದು ಬೇರೆ ಕೌದಿ ಎಂದೆ. ಬಾಯಿಗೆ ಬಂದದ್ದು ಅದೇ.

"ಇಪ್ಪತ್ತು ಮೊಳದ್ದು ಇನ್ನೊಂದು ಒಂದ ದಿನದಾಗ ಹೊಲದಿ?"

ಹೆಂಗಸರು ನಕ್ಕರು. ಜುಲೇಖಾಳ ಪಕ್ಕ ಕುಳಿತಿದ್ದ ನಿಖತ ತನ್ನ ಫೋನಿನಲ್ಲಿ ಪತ್ರಿಕೆಯ ಹಳೆಯ ಫೋಟೊ ತೆಗೆದು ಪಕ್ಕದವಳಿಗೆ ಕೊಟ್ಟಳು. ಫೋನು ಕೈಯಿಂದ ಕೈಗೆ ದಾಟುತ್ತ ಮುಂದಿನ ಸಾಲಿಗೆ ಬಂತು. ವೇದಿಕೆ, ಸ್ವಾಮಿಗಳು, ಬಾಯಾರು, ಹಿಂದೆ ನಮ್ಮ ಕೌದಿ. ಬದಿಗೆ ಕೀಲಿಕೈ ಹಿಡಿದು ಹಲ್ಲು ಬಿಟ್ಟು ನಿಂತವಳು ನಾನು. ನಗು ನಿಂತಿತು.

"ನಾನೂ ಅಲ್ಲೇ ಇದ್ದೆನೆವ್ವಾ," ಎಂದಳು ಜುಲೇಖಾ. "ಕೌದಿ ಹಗ್ಗ ಹಿಡಕೊಂಡು ನಿಂತಿದ್ದೆ. ನಿನ್ನ ಕಥ್ಯಾಗ ನಾನ ಇಲ್ಲ. ಹೋಗ್ಲಿ. ಬೋರವ್ವನ್ನ ಯಾಕ ನಡುಗಿಸಿದಿ? ಆಕಿ ನಡುಗಿದ್ದಳೇನು?"

ಇಲ್ಲ. ನಡುಗಿರಲಿಲ್ಲ.

ತಿಕೋಟಾದ ಆ ಹೆಂಗಸರಿಗೆ ಆವತ್ತು ನಾನು ಏನೂ ಹೇಳಲಿಲ್ಲ. ನೀರು ಕುಡಿದು ಕುಳಿತುಬಿಟ್ಟೆ. ಇಲ್ಲಿ ಹೇಳುತ್ತೇನೆ.

ಕೋಣೆ ಇದೆ. ಬಾಗಿಲ ಮೇಲೆ ಕ್ಲಬ್ಬಿನ ಕೊಡುಗೆ ಎಂದು ಬೋರ್ಡಿದೆ. ನಲ್ಲಿಯಲ್ಲಿ ನೀರು ಬರುತ್ತದೆ. ಆದರೆ ಅಲ್ಲಿಗೆ ಯಾರೂ ಬರುವುದಿಲ್ಲ. ಬೋರವ್ವ ಆ ವಾರವೇ ಕಳ್ಳಕವಟಗಿಗೆ ಹೋದಳು. ಜುಲೇಖಾ ಬರುವುದನ್ನು ಬಿಟ್ಟಳು. ಆಮೇಲೆ ಒಬ್ಬೊಬ್ಬರಿಗೂ ಮನೆಯಲ್ಲಿ ಕೆಲಸ ಹೆಚ್ಚಾಯಿತು. ಕೊನೆಯ ಕೆಲವು ದಿನ ಬಂದವರು ಮತ್ತೆ ಗೋಡೆಯ ಕಡೆ ಮುಖ ಮಾಡಿ ಬುತ್ತಿ ಬಿಚ್ಚಿದರು. ನಾನು ದಿನಾ ಬೀಗ ತೆಗೆದು, ಕಸ ಗುಡಿಸಿ, ಸಂಜೆ ಬೀಗ ಹಾಕುತ್ತೇನೆ. ಮಂಡಳ ಹೇಗೆ ನಡೆದಿದೆ ಎಂದು ಬಾಯಾರು ಫೋನು ಮಾಡಿದರೆ, ಜೋರಾಗಿ ನಡೆದಿದೆ ಎನ್ನುತ್ತೇನೆ.

ಕಳ್ಳಕವಟಗಿಗೆ ಒಂದು ಸಲ ಹೋಗಿದ್ದೆ. ಬೋರವ್ವ ಉಣ್ಣಲು ಹಾಕಿದಳು. ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನು ಏನಾದರೊಂದು ಸುಳ್ಳು ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ತಿಕೋಟಾದ ಸಭೆ ಮುಗಿದ ಮೇಲೆ ಜುಲೇಖಾ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ಕೌದಿ ಏರಿಸಿದ ದಿನ ಕ್ಲಬ್ಬಿನ ಗೇಟಿನ ಹೊರಗೆ ಅವಳು ಬೋರವ್ವನನ್ನು, ರೊಟ್ಟಿ ಲಲಿತಾಂದು ಅಂತ ಯಾಕ ಹೇಳಲಿಲ್ಲ ಎಂದು ಕೇಳಿದ್ದಳಂತೆ. ಬೋರವ್ವ ಅಂದಳಂತೆ:

"ನಾವೆಲ್ಲಾರೂ ಹೊರಗ ಅದೇವಿ. ನಮ್ಮಾಕಿ ಒಬ್ಬಾಕಿಯಾದ್ರೂ ಒಳಗ ಇರ್ಲಿ ಬಿಡು."

ಬಸ್ಸು ಬಂತು. ಹತ್ತಿ ಕುಳಿತೆ. ಜುಲೇಖಾ ಕೈ ಬೀಸಲಿಲ್ಲ.

ನಡೆದದ್ದು ಇಷ್ಟು. ಬಾಯಾರು ಯಾರ ಮನೆಯ ರೊಟ್ಟಿ ಎಂದು ಕೇಳಿದರು. ನಾನು, ಬೋರವ್ವಂದು ರೀ ಎಂದೆ. ಬೋರವ್ವ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ, ಹೌದ್ರಿ, ನಂದ ಎಂದಳು. ಬಾಯಾರು ಹೋಳಿಗೆಯ ಮಾತು ಹೇಳಿ, ನೀನೇ ಇಟ್ಟದ್ದು ನೀನೇ ತೆಗಿ ಎಂದು ಅವಳಿಗೆ ಕತ್ತರಿ ಚಾಚಿದರು. ಹೋಳಿಗೆಗೆ ಇರುವೆ ಬರುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ಬೋರವ್ವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಉಣಿಸಿದ ತುತ್ತು ಬಾಯಾಗಿಂದ ತಗಿಯೂದು ನನ್ನ ಕೈಲೆ ಆಗೂದಿಲ್ರಿ."

"ಖೋಲಿ ಕೀಲಿಕೈ ಬ್ಯಾಡೇನು ನಿಮಗ?"

"ಬ್ಯಾಡ್ರಿ."

ಅಷ್ಟೇ ಹೇಳಿ ಬಗ್ಗಿದ ಸೊಂಟದಲ್ಲೇ ನಡೆದು ಹೋದಳು. ಅವಸರ ಮಾಡಲಿಲ್ಲ. ಜುಲೇಖಾ ಹಗ್ಗ ಬಿಟ್ಟು ಅವಳ ಹಿಂದೆ ಹೋದಳು. ಮೂಲೆ ಜೋತು ಬಿತ್ತು. ಕತ್ತರಿ ನನ್ನ ಕಡೆ ತಿರುಗಿತು.

ನಾನು ತೆಗೆದುಕೊಂಡೆ. ಹನ್ನೊಂದು ಹೊಲಿಗೆ. ಒಂದೊಂದನ್ನೇ ಬಿಚ್ಚಿದೆ, ಬಟ್ಟೆ ಹರಿಯದಂತೆ. ಬೆಳಗ್ಗೆ ನನ್ನ ಒಲೆಯ ಮೇಲೆ ಉಬ್ಬಿದ್ದ ರೊಟ್ಟಿಯ ಚೂರು ಒಣಗಿ ಗಟ್ಟಿಯಾಗಿತ್ತು. ಕಾಗದದಲ್ಲಿ ಸುತ್ತಿ ಹೊರಗಿನ ತೊಟ್ಟಿಗೆ ಹಾಕಿ ಬಾ ಎಂದರು. ಹಾಕಿ ಬಂದೆ. ಅದನ್ನು ಮುಟ್ಟಿದ್ದೀಯ, ಸಾಬೂನು ಹಚ್ಚಿ ಕೈ ತೊಳೆ ಎಂದರು. ತೊಳೆದೆ. ಹೋಳಿಗೆ ಬಂತು. ಬೆರಳಗಲ ಮುರಿದು ಮೂಲೆಯೊಳಗೆ ತಳ್ಳಿದೆ. ಬೋರವ್ವ ಹಾಕಿದ್ದಷ್ಟೇ ಹನ್ನೊಂದು ಹೊಲಿಗೆ ಹಾಕಿ ಮುಚ್ಚಿದೆ.

ಬಾಯಾರು ಬಗ್ಗಿ ನೋಡಿದರು. ಹೊಲಿಗಿ ಚಲೋ ಬಂದೈತಿ ಲಲಿತಾ, ನಿನ್ನ ಕೈ ಭಾಳ ಸ್ವಚ್ಛ ಎಂದರು.

ನಾನು, ಹೂಂ ರೀ ಎಂದೆ.